ಬೀಗರ ತಟ್ಟೆಗೆ ಬಿಸಿ ತುಪ್ಪ

ಕೊಟ್ರಬಸಮ್ಮನಿಗೆ ಸಿಟ್ಟು ಬರಲು ಕಾರಣವೇ ಬೇಕಿಲ್ಲ ಎಂದು ಹೊಸಪೇಟೆಯ ಆ ಓಣಿಯವರೆಲ್ಲ ಹೇಳುತ್ತಿದ್ದರು. ಶುದ್ಧ ಸುಳ್ಳು. ಕಾರಣಗಳು ಬೇಕಾದಷ್ಟಿದ್ದವು. ಸಂಡೂರಿನ ಬಸ್ಸಿನ ಟಾಪಿನ ಮೇಲೆ, ಹಗ್ಗ ಬಿಗಿಸಿಕೊಂಡು, ಹೊರೆಗಟ್ಟಲೆ ಬರುತ್ತಿದ್ದವು.

ಆ ಹೊರೆಗಳು ಮುತ್ತುಗದ ಎಲೆಯವು, ಊಟದ ಪತ್ರೊಳಿ ಹಚ್ಚಲು ತರಿಸಿದವು. ಗಂಡ ಮುದುಕಪ್ಪ ಅವನ್ನು ಬಸ್‌ಸ್ಟ್ಯಾಂಡಿನಿಂದ ಸೈಕಲ್ಲಿಗೆ ಹೇರಿ ತಂದು ಪಡಸಾಲೆಯಲ್ಲಿ ಇಳಿಸುತ್ತಿದ್ದ. ಕೊಟ್ರಬಸಮ್ಮ ಹಗ್ಗ ಬಿಚ್ಚಿ, ಮೇಲಿನ ಒಂದು ಎಲೆ ಎತ್ತಿ ಸೆರಗಿನಿಂದ ಒರೆಸುತ್ತಿದ್ದಳು. ಸೆರಗು ಕೆಂಪಾಗುತ್ತಿತ್ತು. ಅಲ್ಲಿಂದ ಶುರು.

ಎಲೆ ಕೊಯ್ದು ಕಳಿಸುವ ಹುಸೇನಮ್ಮ ಒಮ್ಮೊಮ್ಮೆ ಹೊರೆಯ ಜೊತೆ ತಾನೂ ಬರುತ್ತಿದ್ದಳು. ಬಂದ ದಿನ ಅವಳ ಪಾಡು ಯಾರಿಗೂ ಬೇಡ.

"ಇವೇನ ಎಲೀನೋ ಇಟ್ಟಂಗಿನೋ? ನಿನ್ನ ಕಣ್ಣಿಗೇನಾಗೇತಿ?" ಎಂದು ಕೊಟ್ರಬಸಮ್ಮ ಎಲೆಯನ್ನು ಅವಳ ಮೂಗಿನ ತುದಿಗೆ ಹಿಡಿಯುತ್ತಿದ್ದಳು.

"ನಾ ಏನ್ ಮಾಡ್ಲಿ ಅಕ್ಕಾ? ಗಿಡಾನ ಕೆಂಪಾಗ್ಯಾವು. ರೋಡಿನ್ಯಾಗ ಅದಿರಿನ ಲಾರಿ ನಿಂದ್ರಾಂಗಿಲ್ಲ, ಧೂಳ ನಿಂದ್ರಾಂಗಿಲ್ಲ. ನನ್ನ ತಲಿ ನೋಡು, ನನ್ನ ಕೂಸಿನ ತಲಿ ನೋಡು," ಎಂದು ಹುಸೇನಮ್ಮ ಸೆರಗು ಸರಿಸಿ ಕೂದಲು ತೋರಿಸುತ್ತಿದ್ದಳು. ಅದೂ ಕೆಂಪೇ.

"ಒಳಗಿನ ಗುಡ್ಡಕ್ಕ ಹೋಗಬೇಕಿಲ್ಲೇನ?"

"ಒಳಗಿನ ಗುಡ್ಡ ಎಲ್ಲೈತಿ ಅಕ್ಕಾ? ಅದನ್ನೂ ಅಗದು ಲಾರಿಗೆ ಹಾಕ್ಯಾರ."

ಆ ಮಾತು ಬಂದರೆ ಕೊಟ್ರಬಸಮ್ಮ ಎಲೆ ಕೆಳಗಿಡುತ್ತಿದ್ದಳು. ಚಹಾ ಕುಡಿಸಿ, ಗೊಣಗುತ್ತ, ಬಕೆಟ್ಟಿನಲ್ಲಿ ನೀರು ತಂದು ಒಂದೊಂದೇ ಎಲೆ ಒರೆಸಲು ಕೂರುತ್ತಿದ್ದಳು. ಮೊದಲು ಎಲೆಗೆ ನೀರು ಚಿಮುಕಿಸಿ, ಕಲ್ಲು ಹೇರಿ, ಕಡ್ಡಿ ಚುಚ್ಚಿ ಹಚ್ಚಿದರೆ ಪತ್ರೊಳಿ ಮುಗಿಯಿತು. ಈಗ ಒರೆಸುವುದೇ ಒಂದು ದೊಡ್ಡ ಕೆಲಸ. ಜಾಸ್ತಿ ನೀರಾದರೆ ಬೂಷ್ಟು ಹಿಡಿಯುತ್ತದೆ, ಕಡಿಮೆಯಾದರೆ ಉಣ್ಣುವವರ ಅನ್ನ ಕೆಂಪಾಗುತ್ತದೆ. ಇದಕ್ಕೆ ಯಾರನ್ನು ಬೈಯಬೇಕೆಂದು ತಿಳಿಯದೆ ಅವಳು ಮುದುಕಪ್ಪನನ್ನು ಬೈಯುತ್ತಿದ್ದಳು. ಅವನು ಕೈಗೆ ಸಿಗುತ್ತಿದ್ದ, ತಿರುಗಿ ಮಾತಾಡುತ್ತಿರಲಿಲ್ಲ.

ಅವಳೇನು ಹುಟ್ಟಾ ಎಲೆ ಹಚ್ಚುವವಳಲ್ಲ. ಕಂಪ್ಲಿಯ ಹೊಳೆದಂಡೆಯ ಬಾಳೆತೋಟದ ಹೆಣ್ಣು. ಅಗಲ ಅಗಲ ಬಾಳೆ ಎಲೆಯಲ್ಲಿ ಉಂಡು ಬೆಳೆದವಳು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹಚ್ಚಿದ ಪತ್ರೊಳಿ ಕಂಡು, ತೇಪೆ ಹಾಕಿದ ಎಲೆಯಲ್ಲಿ ಯಾರಾದರೂ ಉಣ್ಣುತ್ತಾರೆಯೇ ಎಂದು ಮೂಗು ಮುರಿದಿದ್ದಳು. ಅತ್ತೆ ಒಂದು ಮಾತೂ ಆಡದೆ ಕಡ್ಡಿಯ ಕಟ್ಟನ್ನು ಅವಳ ತೊಡೆಯ ಮೇಲಿಟ್ಟಳು. ಅವತ್ತು ಹಿಡಿದ ಕಡ್ಡಿ ಇವತ್ತಿಗೂ ಬಿಟ್ಟಿಲ್ಲ. ಹೊಸಪೇಟೆಯಲ್ಲಿ, ಡ್ಯಾಮಿನ ಕ್ವಾರ್ಟರ್ಸಿನಲ್ಲಿ, ಹಂಪಿಯ ಪೂಜಾರಿಗಳ ಮನೆಗಳಲ್ಲಿ ಯಾರ ಮನೆಯ ಊಟವಾದರೂ ಎಲೆ ಅವಳದೇ. ಉಂಡೆದ್ದ ಮೇಲೆ ಎಮ್ಮೆ ಒಂದಿಷ್ಟು ತಿನ್ನುತ್ತಿತ್ತು, ಉಳಿದದ್ದು ತಿಪ್ಪೆಗೆ ಬಿದ್ದು ಗೊಬ್ಬರವಾಗಿ ಯಾರದೋ ಹೊಲ ಸೇರುತ್ತಿತ್ತು. ಒಗೆದದ್ದು ಎಲ್ಲಿ ಹೋಯಿತೆಂದು ಆ ಕಾಲದಲ್ಲಿ ಯಾರೂ ಕೇಳಿದವರಲ್ಲ.

ಆಮೇಲೆ ಚೀನಾ ದೇಶದವರಿಗೆ ಅದೇನು ಕಬ್ಬಿಣದ ಹಸಿವು ಹೊಕ್ಕಿತೋ, ಸಂಡೂರಿನ ಮಣ್ಣಿಗೆ ಬಂಗಾರದ ಬೆಲೆ ಬಂತು. ನಿನ್ನೆಯವರೆಗೆ ಬೀಡಿಗೆ ಬೆಂಕಿ ಕೇಳುತ್ತಿದ್ದವನು ಇವತ್ತು ಕೊರಳಲ್ಲಿ ಹಗ್ಗದಂಥ ಚೈನು ಹಾಕಿಕೊಂಡು ಸ್ಕಾರ್ಪಿಯೋ ಇಳಿಯುತ್ತಿದ್ದ. ಮದುವೆಗಳು ದೊಡ್ಡವಾದವು. ಮಂದಿ ಜಾಸ್ತಿ ಬಂದರೆ ಎಲೆಯೂ ಜಾಸ್ತಿ ಬೇಕಾಗುತ್ತದೆ ಎಂದು ಕೊಟ್ರಬಸಮ್ಮ ಸಂತೋಷಪಟ್ಟಳು, ಪಾಪ. ಬಂದದ್ದು ಬಫೆ. ಅದರ ಹಿಂದೆಯೇ ಥರ್ಮಾಕೋಲಿನ ಬಿಳಿ ತಟ್ಟೆ, ಪ್ಲಾಸ್ಟಿಕ್ಕಿನ ಲೋಟ, ಮೇಣ ಹಚ್ಚಿದ ಕಾಗದದ ಬಟ್ಟಲು. ಒಂದು ಮದುವೆ ಮುಗಿದರೆ ಛತ್ರದ ಹಿಂದಿನ ಕಾಲುವೆ ಬೆಳ್ಳಗೆ ತೇಲುತ್ತಿತ್ತು. ಕಂಪ್ಲಿಯಿಂದ ಅವಳ ತಮ್ಮ ಫೋನು ಮಾಡಿ, "ಅಕ್ಕಾ, ನಿಮ್ಮೂರಿನ ಮದುವಿ ತಟ್ಟಿ ಹೊಳಿ ಹಿಡದು ನಮ್ಮ ತೋಟದ ತನಕ ಬಂದಾವಲ್ಲಾ, ಊಟಕ್ಕ ಮಾತ್ರ ಯಾರೂ ಕರೀಲಿಲ್ಲ," ಎಂದು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಆ ತಟ್ಟೆಗಳನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಕೊಟ್ರಬಸಮ್ಮನ ಮಗಳು ಗಂಗಾಂಬಿಕಾ. ಬಿ.ಕಾಂ. ಓದಿದ್ದಳು. ಕಾಲೇಜಿನಿಂದ ಬಂದು ಪುಸ್ತಕ ಗೂಡಿಗಿಟ್ಟು ತಾಯಿಯ ಎದುರು ಕೂತು ಎಲೆ ಹಚ್ಚುವುದು ಅವಳ ರೂಢಿ. ಯಾರೂ ಹೇಳಬೇಕಿರಲಿಲ್ಲ. ಹಚ್ಚಿದರೆ ಅವಳ ಪತ್ರೊಳಿ ತಾಯಿಯದಕ್ಕಿಂತ ದುಂಡಗಿರುತ್ತಿತ್ತು. ಅದನ್ನು ಕಂಡಾಗೆಲ್ಲ ಕೊಟ್ರಬಸಮ್ಮನಿಗೆ ಹೆಮ್ಮೆಗಿಂತ ಸಂಕಟವೇ ಜಾಸ್ತಿ. ಈ ಹುಡುಗಿಯ ಬೆರಳು ಈ ಕಡ್ಡಿಯಿಂದ ಬಿಡುಗಡೆಯಾಗಬೇಕು, ಒಳ್ಳೆಯ ಮನೆ ಸೇರಬೇಕು, ಆ ಮನೆಯಲ್ಲಿ ತಲೆ ಎತ್ತಿ ನಡೆಯಬೇಕು. ಅವಳಿಗಿದ್ದ ಆಸೆ ಇದೊಂದೇ.

ಆಸೆಗೆ ತಕ್ಕಂತೆ ಸಂಡೂರಿನಿಂದ ಸಂಬಂಧ ಬಂತು. ಹುಡುಗ ಸಿದ್ದಲಿಂಗೇಶ್, ದೋಣಿಮಲೈ ಹತ್ತಿರ ಅದಿರಿನ ಲಾರಿ ತೂಗುವ ಒಂದು ವೇಬ್ರಿಜ್ಜಿನಲ್ಲಿ ಸೂಪರ್‌ವೈಸರ್. ಅವನ ಅಪ್ಪ ಮರಿಸ್ವಾಮಿ ಹೊಲವನ್ನು ಅದಿರು ಗುಡ್ಡೆ ಹಾಕಲು ಬಾಡಿಗೆಗೆ ಕೊಟ್ಟು, ಟಿಪ್ಪರ್ ಕೊಂಡು, ನೋಡನೋಡುತ್ತಲೇ ಸಾಹುಕಾರನಾಗಿದ್ದ. ದಪ್ಪ ಮೀಸೆ, ದೊಡ್ಡ ದನಿ, ಒಳಗೆ ಕೆಟ್ಟ ಮನುಷ್ಯನೇನಲ್ಲ.

ಅವರು ಹೆಣ್ಣು ನೋಡಲು ಬರುವ ದಿನ ಕೊಟ್ರಬಸಮ್ಮ ಒಂದು ಕೆಲಸ ಮಾಡಿದಳು. ಬೆಳಕು ಹರಿಯುವ ಮೊದಲೇ ಎದ್ದು ಪಡಸಾಲೆಯ ಎಲೆಯ ಹೊರೆಗಳನ್ನೆಲ್ಲ ಹಿತ್ತಲ ಕೋಣೆಗೆ ತುಂಬಿ ಬೀಗ ಹಾಕಿದಳು. ನೆಲ ಸಾರಿಸಿದಳು. ಮಗಳ ಬೆರಳಿನ ಕಲೆಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮುದುಕಪ್ಪನಿಗೆ, "ಏನ ಉದ್ಯೋಗ ಅಂತ ಕೇಳಿದ್ರ ವ್ಯಾಪಾರ ಅನ್ನು. ಅಷ್ಟಽ. ಮುಂದ ಬಾಯಿ ಬಿಟ್ಟಿ, ನೋಡು," ಎಂದು ತಾಕೀತು ಮಾಡಿದಳು.

ಮುದುಕಪ್ಪ ಹಾಗೇ ಹೇಳಿದ. ಮರಿಸ್ವಾಮಿ ಯಾವ ವ್ಯಾಪಾರ ಎಂದು ಕೇಳಲೂ ಇಲ್ಲ. ಚೂಡಾ ತಿಂದು, ಚಹಾ ಕುಡಿದು, ಹುಡುಗಿ ಒಪ್ಪಿಗೆಯಾಯಿತು ಎಂದ. ಏಳುವಾಗ ಒಂದೇ ಒಂದು ಮಾತು ಸೇರಿಸಿದ.

"ಊಟದ್ದೊಂದು ಮಸ್ತ್ ಆಗಬೇಕ್ರಿ. ಸಿದ್ದುನ ಗೆಳ್ಯಾರು, ಕಂಪನಿ ಆಫೀಸರ್‌ಗಳು ಬರ್ತಾರ. ಈಗ ಎಲ್ಲಾ ಕಡೆ ಬಫೆ ನಡದೈತಿ ನೋಡ್ರಿ. ತಟ್ಟಿ ಇಡ್ರಿ, ಬಿಳೇವು."

ಬೇರೆ ಯಾರಾದರೂ ಈ ಮಾತಾಡಿದ್ದರೆ ಕೊಟ್ರಬಸಮ್ಮ ಅವರ ಏಳು ತಲೆಮಾರು ಜಾಲಾಡುತ್ತಿದ್ದಳು. ಅವತ್ತು, "ಆಗ್ಲಿ ಬಿಡ್ರಿ ಬೀಗ್ರ," ಎಂದಳು. ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಗಂಗಾಂಬಿಕಾ ತಾಯಿಯ ಮುಖವನ್ನೇ ನೋಡಿದಳು. ಕೊಟ್ರಬಸಮ್ಮ ಅತ್ತ ತಿರುಗಲಿಲ್ಲ.

ಮದುವೆಯ ತನಕ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಊರಿಗೆಲ್ಲ ಎಲೆ ಹಚ್ಚಿಕೊಟ್ಟವಳು ತನ್ನ ಮಗಳ ಮದುವೆಗೆ ಥರ್ಮಾಕೋಲ್ ತಟ್ಟೆಯ ಪಾಕೀಟು ಆರಿಸಲು ಅಂಗಡಿಗೆ ಹೋದಳು. ಅಂಗಡಿಯವನು ನಕ್ಕ. ಅವನನ್ನು ಬೈದಳು. ತಟ್ಟೆ ತೂಕವೇ ಇಲ್ಲ, ಗಾಳಿಗೆ ಹಾರುತ್ತದೆ, ಉಗುರು ತಾಗಿದರೆ ಕಿರ್ ಎನ್ನುತ್ತದೆ. ತಟ್ಟೆಯನ್ನೂ ಬೈದಳು. ಮನೆಗೆ ಬಂದು, "ನಾ ಹಚ್ಚಿದ ಎಲೀಗೆ ಧೂಳ ಹಚ್ಚಾವ ಆ ಬೀಗನಽ, ಎಲಿ ಬ್ಯಾಡ ಅನ್ನಾವ ಅವನಽ. ಇದ್ಯಾವ ನ್ಯಾಯ?" ಎಂದು ಮುದುಕಪ್ಪನ ಮೇಲೆ ಹರಿಹಾಯ್ದಳು.

"ಎಲಿ ಹಚ್ತೀವಿ ಅಂತ ಹೇಳಿಬಿಡೂನಲ್ಲ," ಎಂದ ಮುದುಕಪ್ಪ ಮೆಲ್ಲಗೆ.

"ಹೇಳು, ಹೇಳು! ನಾಳೆ ಸಂಡೂರಾಗ ನಿನ್ನ ಮಗಳು ಹೊಸ್ತಿಲಾ ದಾಟಿದ್ರ ಸಾಕು, ಎಲಿಯವ್ರ ಮಗಳು ಬಂದ್ಳು ಅಂತಾರ. ಅದು ನಿನಗ ಬೇಕಾಗೇತೇನ?"

ಮುದುಕಪ್ಪ ಸೈಕಲ್ಲು ತೆಗೆದುಕೊಂಡು ಹೊರಗೆ ಹೋದ. ಹಿತ್ತಲ ಕೋಣೆಯಲ್ಲಿ ಮಾತ್ರ ಕೆಲಸ ನಿಂತಿರಲಿಲ್ಲ. ಪ್ರಭಂಜನಾಚಾರ್ಯರ ಮೊಮ್ಮಗನ ಮುಂಜಿ ಹತ್ತಿರ ಬಂದಿತ್ತು. ಆಚಾರ್ಯರು ಮುತ್ತುಗದ ಎಲೆಯೇ ಆಗಬೇಕು ಎನ್ನುವವರು, ಅಂಥ ಗಿರಾಕಿ ಇನ್ನು ಬೆರಳೆಣಿಕೆ. ಅವರ ಪತ್ರೊಳಿಗಳನ್ನು ತಾಯಿ ಮಗಳು ಬಾಗಿಲು ಹಾಕಿಕೊಂಡು, ಕಳ್ಳಭಟ್ಟಿ ಕಾಯಿಸುವವರ ಹಾಗೆ, ಹಚ್ಚಿ ಒಟ್ಟಿದ್ದರು.

ಮದುವೆಯ ದಿನ ಮುಹೂರ್ತ ಚೆನ್ನಾಗಿಯೇ ಆಯಿತು. ಅಕ್ಕಿಕಾಳು ಬಿದ್ದವು, ಬ್ಯಾಂಡು ಬಾರಿಸಿತು. ಗಂಗಾಂಬಿಕಾ ಬಾಸಿಂಗ ಕಟ್ಟಿಕೊಂಡು ಲಕ್ಷಣವಾಗಿ ಕೂತಿದ್ದಳು. ಕೊಟ್ರಬಸಮ್ಮನಿಗೆ ಒಂದು ಗಳಿಗೆ ಎಲ್ಲ ಸಿಟ್ಟೂ ಇಳಿದು ಹೋಯಿತು. ಒಂದೇ ಗಳಿಗೆ.

ಊಟ ಶುರುವಾಯಿತು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಬೀಗರು ಸಾಲಾಗಿ ನಿಂತು ಬಿಳಿ ತಟ್ಟೆ ಹಿಡಿದರು. ಈಗ ಈ ಸೀಮೆಯ ಒಂದು ಪದ್ಧತಿ ಹೇಳಬೇಕು. ಬೀಗರ ಹುಗ್ಗಿಗೆ ತುಪ್ಪ ಹಾಕುವವನು ಹೆಣ್ಣಿನ ಅಪ್ಪ. ತುಪ್ಪ ಸಳಸಳ ಕಾದಿರಬೇಕು. ಬೀಗ ಸಾಕು ಎಂದು ಕೈ ಅಡ್ಡ ಹಿಡಿಯುವವರೆಗೆ ಇವನು ಧಾರೆ ನಿಲ್ಲಿಸುವ ಹಾಗಿಲ್ಲ. ಅವನು ಬೇಗ ಸಾಕೆನ್ನುವ ಹಾಗಿಲ್ಲ. ಬೇಗ ಸಾಕೆಂದವನಿಗೆ ಉಣ್ಣುವ ತಾಕತ್ತಿಲ್ಲ, ಮೊದಲೇ ನಿಲ್ಲಿಸಿದವನಿಗೆ ಬಡಿಸುವ ಮನಸ್ಸಿಲ್ಲ. ಎರಡೂ ಕಡೆಯವರು ಸುತ್ತ ನಿಂತು ನೋಡುತ್ತಾರೆ. ನೆಲಕ್ಕೆ ಕೂತು ಎಲೆಯಲ್ಲಿ ಉಣ್ಣುವ ಕಾಲದಲ್ಲಿ ಹೆಚ್ಚಾದ ತುಪ್ಪ ಅಂಚಿಗೆ ಹರಿಯುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಎಲೆ ಬದಲಿಸಿದವರು ಈ ಪದ್ಧತಿಯನ್ನು ಬದಲಿಸಬೇಕೆಂದು ಯೋಚಿಸಿರಲಿಲ್ಲ. ಆ ಕಡೆಯವರಿಗೂ ಹೊಳೆದಿರಲಿಲ್ಲ, ಈ ಕಡೆಯವರಿಗೂ ಹೊಳೆದಿರಲಿಲ್ಲ.

ಮುದುಕಪ್ಪ ಹೊಸ ರುಮಾಲು ಸುತ್ತಿಕೊಂಡು, ಒಲೆಯಿಂದ ಆಗ ತಾನೇ ಇಳಿಸಿದ ತುಪ್ಪದ ಚರಿಗೆ ಹಿಡಿದು ಬಂದ. ಮರಿಸ್ವಾಮಿ ತಟ್ಟೆಯನ್ನು ಎಡ ಅಂಗೈಯಲ್ಲಿ ಹೊತ್ತು ನಿಂತಿದ್ದ.

"ಹಾಕ್ರಿ ಬೀಗ್ರ, ಕೈ ಬಿಚ್ಚಿ ಹಾಕ್ರಿ," ಎಂದ.

ಮುದುಕಪ್ಪ ಹಾಕಿದ. ಅವನು ಯಾವ ಕೆಲಸವನ್ನೂ ಅವಸರ ಮಾಡುವವನಲ್ಲ. ತುಪ್ಪ ಹುಗ್ಗಿಯ ಗುಂಡಿ ತುಂಬಿ ತಟ್ಟೆಗೆ ಇಳಿಯಿತು. ಮರಿಸ್ವಾಮಿಯ ಮೀಸೆ ಸಣ್ಣಗೆ ನಡುಗಿತು, ಸಾಕೆನ್ನಲಿಲ್ಲ. ಕಂಪ್ಲಿ ಕಡೆಯ ನೆಂಟರು, "ಹಾಕು ಮುದುಕಪ್ಪಾ, ಹಾಕು!" ಎಂದು ಹುರಿದುಂಬಿಸಿದರು. ತಟ್ಟೆಯ ನಡುವೆ ಮೊದಲು ಒಂದು ಕುಳಿ ಬಿತ್ತು, ಕುಳಿ ತೂತಾಯಿತು. ತೂತಿನಿಂದ ಹುಗ್ಗಿ, ತುಪ್ಪ, ಕರಗಿದ ಥರ್ಮಾಕೋಲ್ ಎಲ್ಲ ಸೇರಿ ಮರಿಸ್ವಾಮಿಯ ಅಂಗೈ, ರೇಷ್ಮೆ ಧೋತರ, ಬಲಗಾಲ ಪಾದದ ಮೇಲೆ ಸುರಿದವು.

"ಅಯ್ಯಯ್ಯಯ್ಯೋ! ಸತ್ನೆಪ್ಪೋ!"

ಬ್ಯಾಂಡಿನವರೂ ನಿಲ್ಲಿಸಿದರು. ಸಿದ್ದಲಿಂಗೇಶನ ಗೆಳೆಯರ ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುದುಕಪ್ಪ ಚರಿಗೆ ಹಿಡಿದುಕೊಂಡು ಕಂಬದಂತೆ ನಿಂತುಬಿಟ್ಟ. ಕೊಟ್ರಬಸಮ್ಮ ತಂಬಿಗೆ ನೀರು ಹಿಡಿದು ಓಡಿ ಬಂದು ಬೀಗರ ಕೈಗೆ ಸುರಿದಳು, ಕಾಲಿಗೆ ಸುರಿದಳು, ಒದ್ದೆ ಟವೆಲ್ಲು ಸುತ್ತಿದಳು. ಪುಣ್ಯಕ್ಕೆ ಬೊಬ್ಬೆ ದೊಡ್ಡದಾಗಿರಲಿಲ್ಲ. ಅವಮಾನ ದೊಡ್ಡದಾಗಿತ್ತು.

ಅಡುಗೆ ಕಂಟ್ರ್ಯಾಕ್ಟಿನವನು ಓಡಿಬಂದು ಬುದ್ಧಿ ಹೇಳಿದ. "ಈ ತಟ್ಟಿಗೆ ಕಾದ ತುಪ್ಪ ಹಾಕಬಾರದ್ರಿ. ಆರಿಸಿ ಹಾಕ್ರಿ."

"ಬೀಗ್ರಿಗೆ ಆರಿದ ತುಪ್ಪಾನ?" ಎಂದು ಸಂಡೂರಿನ ಹಿರಿಯರೊಬ್ಬರು ಗುಡುಗಿದರು. "ಹೆಣಾ ಮಣ್ಣು ಮಾಡಿ ಬಂದೀವೇನಲೇ ನಾವು, ಆರಿದ್ದು ಉಣ್ಣಾಕ?"

ಇನ್ನೇನು ಮಾಡುವುದು? ತಟ್ಟೆಗೆ ಬಿಸಿ ತುಪ್ಪ ಆಗದು, ಬೀಗರಿಗೆ ತಣ್ಣನೆಯ ತುಪ್ಪ ಆಗದು. ಬೀಗರು ಉಣ್ಣದೆ ಹೆಣ್ಣಿನ ಕಡೆಯವರು ಉಣ್ಣುವ ಹಾಗಿಲ್ಲ. ಇಡೀ ಛತ್ರ ಹಸಿದು ನಿಂತಿತು. ಅಷ್ಟು ಮಂದಿಗೆ ಬಾಳೆ ಎಲೆ ಕೊಯ್ಯಿಸಿ ಕಂಪ್ಲಿಯ ತಮ್ಮನ ತೋಟದಿಂದ ತರಿಸುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. "ಎಂಥಾ ಮನೀಗೆ ಬಂದ್ವೆಪ್ಪಾ" ಎಂಬ ಪಿಸುಮಾತು ಬೀಗರ ಸಾಲಿನಲ್ಲಿ ಆಗಲೇ ಹರಿದಾಡುತ್ತಿತ್ತು.

ಮನೆ ಎರಡು ಓಣಿ ಆಚೆ. ಹಿತ್ತಲ ಕೋಣೆಯಲ್ಲಿ ಆಚಾರ್ಯರ ಪತ್ರೊಳಿಗಳು ಆಳೆತ್ತರ ಒಟ್ಟಿವೆ. ಕೊಟ್ರಬಸಮ್ಮನಿಗೆ ಅದು ಗೊತ್ತು. ಒಂದು ಮಾತು ಸಾಕು. ಆದರೆ ಆ ಒಂದು ಮಾತು ಆಡಿದರೆ ಎಲ್ಲ ಬಯಲು. ಜೀವಮಾನದಲ್ಲಿ ಸುಮ್ಮನಿದ್ದು ಗೊತ್ತಿಲ್ಲದ ಹೆಂಗಸು ಬೀಗರ ಬೈಗುಳ ಕೇಳುತ್ತ ಸುಮ್ಮನೆ ನಿಂತಳು. ಮುದುಕಪ್ಪ ಅವಳ ಕಡೆ ನೋಡಿದ. ಅವಳು ಕಣ್ಣಲ್ಲೇ ಗದರಿದಳು.

ಆಗ ಮಂಟಪದಿಂದ ದನಿ ಬಂತು.

"ಅವ್ವಾ, ಮನ್ಯಾಗ ಎಲಿ ಅದಾವಲ್ಲ! ನಾವು ಹಚ್ಚಿದ್ವು!"

ಗಂಗಾಂಬಿಕಾ! ಬಾಸಿಂಗ ಕಟ್ಟಿಕೊಂಡ ಮದುಮಗಳು, ಮೈಕಿನ ಪಕ್ಕದಲ್ಲೇ ನಿಂತು! ಛತ್ರಕ್ಕೆ ಛತ್ರವೇ ಕೇಳಿಸಿಕೊಂಡಿತು. ಇವಳ ಬಾಯಿಗೆ ಬೀಗ ಜಡಿಯಬಾರದಿತ್ತೇ ದೇವರೇ ಎಂದು ಕೊಟ್ರಬಸಮ್ಮ ಹಣೆ ಹಣೆ ಬಡಿದುಕೊಂಡಳು.

ಮರಿಸ್ವಾಮಿ ಟವೆಲ್ಲು ಸುತ್ತಿದ ಕೈ ಎತ್ತಿಕೊಂಡು ತಿರುಗಿದ. "ಎಲಿ ಅದಾವಾ? ನೀವು ಎಲಿ ಹಚ್ತೀರಾ?"

"ಹೂಂನ್ರಿ," ಎಂದ ಮುದುಕಪ್ಪ. "ನಮ್ಮಪ್ಪನ ಕಾಲದಿಂದ."

"ಮತ್ತ ಮೊದ್ಲ ಯಾಕ ಹೇಳ್ಲಿಲ್ಲೋ ಮಾರಾಯಾ? ಈ ಹುಡುಗ್ರು ಅಂದ್ರು ಅಂತ ತಟ್ಟಿ ಅಂದೆ ನಾನು. ನಿಂತು ಉಂಡ್ರ ನನಗ ಹೊಟ್ಟಿ ತುಂಬಂಗಿಲ್ಲ. ತರ್ರಿ, ಜಲ್ದಿ ತರ್ರಿ!"

ಕೊಟ್ರಬಸಮ್ಮನಿಗೆ ನಿಂತ ನೆಲವೇ ಬಿರಿಯಬಾರದೇ ಎನ್ನಿಸಿತು. ಈ ಮನುಷ್ಯನಿಗೆ ಎಲೆಯ ಮೇಲೆ ಯಾವ ತಕರಾರೂ ಇರಲಿಲ್ಲ! ಇಷ್ಟು ದಿನ ನುಂಗಿದ ಸಿಟ್ಟನ್ನು ಈಗ ಉಗುಳಲು ಜಾಗವಿಲ್ಲ.

ಸಿದ್ದಲಿಂಗೇಶನ ಗೆಳೆಯರು ಜೀಪಿನಲ್ಲಿ ಹೋಗಿ ಪತ್ರೊಳಿ ಹೊತ್ತು ತಂದರು. ಚಾಪೆ ಹಾಸಿದರು, ಪಂಕ್ತಿ ಕೂತಿತು, ಎಲೆಗಳು ಬಿದ್ದವು. ಉಣ್ಣುವ ಮೊದಲು ಎಲೆಗೆ ನೀರು ಚಿಮುಕಿಸಿ ಒರೆಸುವುದು ವಾಡಿಕೆಯಲ್ಲವೇ, ಮರಿಸ್ವಾಮಿಯೂ ಒರೆಸಿದ. ತಾಯಿ ಮಗಳು ಎಷ್ಟು ಒರೆಸಿಟ್ಟಿದ್ದರೂ ಎಲೆಯ ನರದ ಸಂದಿಯಿಂದ ಕೆಂಪು ನೀರು ಇಳಿಯಿತು.

"ಇದೇನ್ರಿ ಬೀಗ್ತಿ, ಕೆಂಪಗ?"

"ನಿಮ್ಮ ಟಿಪ್ಪರಿಂದು," ಎಂದಳು ಕೊಟ್ರಬಸಮ್ಮ. ತಡೆದುಕೊಳ್ಳಲು ಆಗಲಿಲ್ಲ. "ನೀವು ಹಾರಸ್ತೀರಿ, ನಾವು ಒರಸ್ತೀವಿ. ವರ್ಷಗಟ್ಲೆ ಇದಽ ನಡದೈತಿ. ನಿಮ್ಮೂರಾಗ ಒಂದು ಎಲಿ ಹಸರ ಉಳದಿಲ್ಲ."

ಮರಿಸ್ವಾಮಿ ಎಲೆಯನ್ನು ನೋಡಿದ. ಮತ್ತೊಂದು ಸಲ ನೀರು ಹಾಕಿಕೊಂಡು, ಸುಡದ ಕೈಯಿಂದ, ಅಂಚಿನಿಂದ ಅಂಚಿಗೆ ನಿಧಾನವಾಗಿ ಒರೆಸಿದ. ಆಮೇಲೆ ತಲೆ ಎತ್ತದೆ, "ಹುಗ್ಗಿ ನೀಡ್ರಿ," ಎಂದ. ನೀಡಿದರು. ಮುದುಕಪ್ಪ ಮತ್ತೆ ತುಪ್ಪ ಕಾಯಿಸಿ ತಂದು ಹಾಕಿದ. ಎಲ್ಲರೂ ಉಂಡರು. ಮರಿಸ್ವಾಮಿ ಎರಡು ಸಲ ನೀಡಿಸಿಕೊಂಡ.

ಮಗಳನ್ನು ಕಳಿಸುವ ಹೊತ್ತಾಯಿತು. ಛತ್ರದ ಬಾಗಿಲಿಗೆ ಸುಮೋ ಬಂದು ನಿಂತಿತು. ಉಡಿ ತುಂಬುವ ನೆಪದಲ್ಲಿ ಕೊಟ್ರಬಸಮ್ಮ ಮಗಳನ್ನು ಒಂದು ಕಡೆಗೆ ಎಳೆದುಕೊಂಡಳು. ಹರಸುವುದು ಬಿಟ್ಟು ಬೈಯಲು ಶುರು ಮಾಡಿದಳು.

"ನಿನಗ ಬಾಯಿ ಮುಚ್ಕೊಂಡು ಕೂಡಾಕ ಏನಾಗಿತ್ತು? ನಿನ್ನ ಸಲುವಾಗಿ ನಾ ನಾಲಿಗಿ ಕಚ್ಕೊಂಡು ಸತ್ತೆ. ನಿನ್ನ ಅಲ್ಲಿ ಯಾರೂ ಎಲಿಯವ್ರ ಮಗಳು ಅನ್ನಬಾರದು ಅಂತ!"

"ಅಂದ್ರ ಅನ್ಲಿ. ಹೌದಲ್ಲ?"

"ಹೌದಂತ ಹೌದು! ನಾಚ್ಕಿ ಅನ್ನೂದೈತೇನ ನಿನಗ?"

ಗಂಗಾಂಬಿಕಾ ತಾಯಿಯ ಎರಡೂ ಕೈ ಹಿಡಿದುಕೊಂಡಳು. ಅವಳಿಗೂ ಕಣ್ಣು ತುಂಬಿತ್ತು, ಸಿಟ್ಟೂ ಬಂದಿತ್ತು. ತಾಯಿಯ ಮಗಳೇ ಅಲ್ಲವೇ.

"ಅವ್ರು ಯಾವತ್ತೂ ಏನೂ ಅಂದಿಲ್ಲವ್ವ. ಮುಚ್ಚಿಟ್ಟಾಕಿ ನೀನು. ಕಡ್ಡಿ ಹಿಡದು ನನ್ನ ಓದಿಸಿದಿ, ಬೆಳಸಿದಿ, ಆಮ್ಯಾಲ ಅದನ್ನಽ ಹಿತ್ತಲಾಗಿಟ್ಟು ಬೀಗ ಹಾಕಿದಿ. ನಾಚ್ಕಿ ಇದ್ದಿದ್ದು ನಿನಗ. ನನಗ ಯಾವಾಗಿತ್ತು?"

ಕೊಟ್ರಬಸಮ್ಮ ಉತ್ತರ ಹುಡುಕಿದಳು. ಅಂಗಡಿಯವನಿಗೆ, ಹುಸೇನಮ್ಮನಿಗೆ, ಲಾರಿಯವರಿಗೆ, ಊರಿಗೆಲ್ಲ ಕೊಡಲು ಇದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಅಷ್ಟರಲ್ಲಿ ಯಾರೋ ಕರೆದರು, ಮಗಳು ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿ ಗಾಡಿ ಹತ್ತಿದಳು. ಸುಮೋ ಸಂಡೂರಿನ ದಾರಿ ಹಿಡಿಯಿತು, ಮೈತುಂಬ ಕೆಂಪಾದ ಲಾರಿಗಳ ಸಾಲಿನ ನಡುವೆ.

ಮುದುಕಪ್ಪ ಪಕ್ಕಕ್ಕೆ ಬಂದು ನಿಂತ. "ಆಚಾರ್ರ ಎಲಿ ಎಲ್ಲಾ ಖರ್ಚಾದ್ವಲ್ಲ. ನಾಳಿಂದ ಮತ್ತ ಹಚ್ಚಬೇಕು," ಎಂದ.

ಎಂಥ ಹೊತ್ತಿನಲ್ಲಿ ಎಂಥ ಮಾತು! ಅವನನ್ನು ಬೈಯಲು ಕೊಟ್ರಬಸಮ್ಮ ಬಾಯಿ ತೆರೆದಳು. ಬೈಗುಳ ಬರಲಿಲ್ಲ, ಅಳು ಬಂತು. ಛತ್ರದ ಬಾಗಿಲಲ್ಲಿ, ಎಲ್ಲರೆದುರು, ಸೆರಗು ಬಾಯಿಗೆ ತುರುಕಿಕೊಳ್ಳುವುದನ್ನೂ ಮರೆತು ಗಟ್ಟಿಯಾಗಿ ಅತ್ತಳು. ಹೆಂಗಸರು ಸುತ್ತ ಸೇರಿ, ಮಗಳನ್ನು ಕಳಿಸಿದ ಸಂಕಟ, ಅಳಲಿ ಬಿಡಿ, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದು ಬೆನ್ನು ಸವರಿದರು. ಅವಳು ಯಾರಿಗೂ ಅಲ್ಲವೆನ್ನಲಿಲ್ಲ.